ಹಿಡಿದು ತರುವ ಮಾಸ್ತರು

ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದ ಪಿ.ಟಿ. ಮಾಸ್ತರು ಹೋದ ತಿಂಗಳು, ಅದೇ ಕೆಲಸದಿಂದ ನಿವೃತ್ತನಾದ ನನ್ನನ್ನು ಹುಡುಕಿಕೊಂಡು ಅಂಕೋಲೆಯ ಬೊಬ್ರುವಾಡದ ಮನೆಗೆ ಬಂದಿದ್ದರು. ಚಿಕ್ಕ ಪ್ರಾಯ, ಗಟ್ಟಿ ಆಳು. ಕಬಡ್ಡಿ ಅಂಕಣದ ಅಳತೆ, ಖೋಖೋದ ಹೊಸ ನಿಯಮ ಎಲ್ಲ ಬಾಯಿಪಾಠ. ಚಾ ಕುಡಿದು ಕೇಳಿದರು: "ಸರ್, ಈ ಶಾಲೆಯಲ್ಲಿ ಮುಖ್ಯವಾಗಿ ಯಾವುದಕ್ಕೆ ಒತ್ತು ಕೊಡಬೇಕು?"

"ಓಟಕ್ಕೆ," ಎಂದೆ.

"ನೂರು ಮೀಟರೋ, ನಾನೂರೋ?"

"ಅದು ಹುಡುಗ ಎಷ್ಟು ದೂರ ಓಡಿಹೋಗಿದ್ದಾನೆ ಅನ್ನುವುದರ ಮೇಲೆ."

ಅವರು ನಕ್ಕರು, ಆದರೆ ತಿಳಿದ ಹಾಗೆ ಕಾಣಲಿಲ್ಲ. ಅವರಿಗೂ ಅವರಂಥವರಿಗೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಪದಕ ಗೆದ್ದವರ ಕತೆ ಬೇಕಾದರೆ ಶಾಲೆಯ ಗಾಜಿನ ಕಪಾಟಿನಲ್ಲಿದೆ, ನೋಡಿಕೊಳ್ಳಬಹುದು. ನಾನು ಹೇಳುವುದು ಕಪಾಟಿನಲ್ಲಿ ಇಡಲು ಬಾರದ ಕೆಲಸದ ಬಗ್ಗೆ.

ನೌಕರಿಗೆ ಸೇರಿದ ಮೊದಲ ವಾರವೇ ಹೆಡ್ ಮಾಸ್ತರು ಕರೆದರು. ತೆಳ್ಳಗಿನ ಮನುಷ್ಯ, ಧ್ವನಿ ಮಾತ್ರ ಘಾಟಿ ಹತ್ತುವ ಲಾರಿಯದ್ದು.

"ಗಣಿತದವ್ರು ಪಾಠ ಬಿಟ್ಟು ಹೋಗೂಕಾಗೂದಿಲ್ಲ. ಇಂಗ್ಲಿಷ್ ಅಕ್ಕೋರಿಗೆ ಪೋರ್ಶನ್ ಮುಗೀಲಿಲ್ಲ. ನಿಮ್ಗೆ ಪೋರ್ಶನ್ ಅಂದೇಳಿ ಎಂತಾರೂ ಅದ್ಯಾ?"

"ಇಲ್ಲ ಸರ್."

"ಹಂಗಾರೆ ಬಸ್ ಹತ್ತಿ. ಒಂಬತ್ನೇತ್ತಿ ಹುಡ್ಗ ಒಬ್ಬ ಊರಿಗೆ ಹೋದವ ಬರ್ಲೇ ಇಲ್ಲ. ಹಿಲ್ಲೂರಿನವ. ಹಿಡ್ಕಂಡು ಬನ್ನಿ."

ಹೀಗೆ ನನ್ನ ನಿಜವಾದ ನೌಕರಿ ಶುರುವಾಯಿತು. ಆ ಹುಡುಗ ಅಂಕೋಲೆಯಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದವ. ಹೊಸ ಮಾಸ್ತರೆಂಬ ಹುರುಪಿನಲ್ಲಿ ನಾನು ಖಾಕಿ ಪ್ಯಾಂಟು, ಕಪ್ಪು ಬೂಟು ಹಾಕಿ, ಕೊರಳಿಗೆ ಸೀಟಿ ತೂಗಿಸಿಕೊಂಡು ಹಿಲ್ಲೂರಿನಲ್ಲಿ ಇಳಿದೆ. ಕಾಡಂಚಿನ ಮನೆ. ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಹೆಂಗಸು ನನ್ನನ್ನು ನೋಡಿದವಳೇ ಮೊರ ಬಿಟ್ಟು ಒಳಗೆ ಓಡಿದಳು. ಮರುಗಳಿಗೆ ಹಿತ್ತಿಲ ಬಾಗಿಲಿನಿಂದ ನಾಲ್ಕೈದು ಜನ ಒಂದು ಉದ್ದನೆಯ ತೊಲೆ ಹೊತ್ತು ಬೆಟ್ಟದ ಕಡೆ ಓಡತೊಡಗಿದರು. ತೊಲೆಯ ತುದಿ ಹಿಡಿದವನೇ ನನ್ನ ಹುಡುಗ. ನನಗೆ ಅಭ್ಯಾಸಬಲ, ಸೀಟಿ ಊದಿಬಿಟ್ಟೆ. ತೊಲೆ ಧಡಲ್ಲನೆ ಬಿತ್ತು. ಜನ ಪೊದೆಗಳಲ್ಲಿ ಮಾಯವಾದರು.

ಉಳಿದದ್ದು ಮಂಡಿನೋವಿನ ಅಜ್ಜ ಒಬ್ಬ. ಕೈ ಮುಗಿದು ಹೇಳಿದ: "ಸಾಹೇಬ್ರೆ, ಆ ಮರ ತಾನಾಗೇ ಬಿದ್ದದ್ದು."

"ಯಾವ ಮರ?"

"ಯಾವ್ದೂ ಇಲ್ಲ."

ನಾನು ಶಾಲೆಯವನು ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಕೊನೆಗೆ ಅಜ್ಜ ಬೆಟ್ಟದ ಕಡೆ ತಿರುಗಿ ಕೂಗಿದ: "ಏ ಬನ್ರೋ! ಫಾರೆಸ್ಟಿನವ್ರಲ್ಲ, ಸಾಲಿ ಮಾಸ್ತರು!" ಎಲ್ಲರೂ ಪೊದೆಯಿಂದ ಎದ್ದು ಬಂದರು, ಹುಡುಗನೊಬ್ಬನನ್ನು ಬಿಟ್ಟು. ಅವನಿಗೆ ಫಾರೆಸ್ಟಿನವರೇ ವಾಸಿ ಎನಿಸಿತ್ತು. ಊಟದ ಹೊತ್ತಿಗೆ ಹಸಿವಾಗಿ ತಾನೇ ಬಂದ. ತೊಲೆ ಉಳಿದ ಖುಷಿಯಲ್ಲಿ ಅಜ್ಜ ಹುಡುಗನ ಜೊತೆ ಹಿತ್ತಿಲ ಬಳ್ಳಿಯ ಎರಡು ದೊಡ್ಡ ಮೊಗೆಕಾಯಿಯನ್ನೂ ಕೊಟ್ಟು ನನ್ನೊಂದಿಗೆ ಕಳಿಸಿದ. ಹೆಡ್ ಮಾಸ್ತರು ಒಂದು ಮೊಗೆಕಾಯಿ ಇಟ್ಟುಕೊಂಡರು. ಮಕ್ಕಳನ್ನು ಕರೆಯಲು ಹೋಗುವಾಗ ಖಾಕಿ ಹಾಕಬಾರದು ಎಂಬುದು ನಾನು ಕಲಿತ ಮೊದಲ ಪಾಠ.

ಕಾಲ ಬದಲಾದಂತೆ ಹಿಡಿಯುವ ವಿಧಾನವೂ ಬದಲಾಯಿತು. ನಡುವೆ ಕೆಲವು ವರ್ಷ ಮೆರವಣಿಗೆಯ ಹುಚ್ಚು. ಶಾಲೆ ಬಿಟ್ಟವರನ್ನು ಮರಳಿ ತರಲು ಘೋಷಣೆ ಕೂಗುತ್ತ ಕೇರಿ ಕೇರಿ ಸುತ್ತುವುದು. ಒಮ್ಮೆ ಗಾಳಿ ಜೋರಿತ್ತು. ನಮ್ಮ ಮಕ್ಕಳ ಕೈಯಲ್ಲಿ ಬ್ಯಾನರು ನಿಲ್ಲಲಿಲ್ಲ. ಹೆಡ್ ಮಾಸ್ತರು ರಸ್ತೆಬದಿಯಲ್ಲಿ ನಿಂತಿದ್ದ ಒಬ್ಬ ದಾಂಡಿಗ ಹುಡುಗನನ್ನು ಕರೆದು ಬ್ಯಾನರಿನ ಕೋಲು ಹಿಡಿಸಿದರು. ಅವನು ಊರೆಲ್ಲ ಸುತ್ತಿ, ಎಲ್ಲರಿಗಿಂತ ಜೋರಾಗಿ ಕೂಗಿ, ಬಿಸ್ಕೀಟು ತಿಂದು ಹೋದ. ನಾವು ಹುಡುಕಲು ಹೊರಟಿದ್ದವರಲ್ಲಿ ಅವನೂ ಒಬ್ಬ ಎಂದು ಸಂಜೆ ತಿಳಿಯಿತು.

ಆಮೇಲೆ ಮೊಬೈಲು ಬಂತು, ಕೆಲಸ ಹಗುರಾಯಿತು. ಮೊದಲು ಒಬ್ಬ ಹುಡುಗ ಎಲ್ಲಿದ್ದಾನೆಂದು ತಿಳಿಯಲು ಹತ್ತು ಮನೆಯಲ್ಲಿ ಚಾ ಕುಡಿಯಬೇಕಿತ್ತು. ಈಗ ಜ್ವರ ಎಂದು ರಜೆ ಕೇಳಿದವನೇ ಗೋಕರ್ಣದ ದಂಡೆಯಲ್ಲಿ ನಿಂತ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾನೆ.

ಹುಡುಗರಿಗೆ ಹೇಳುವ ಮಾತು ಮಾತ್ರ ಹಳೆಯದೇ. "ಕೈಗಾ ಅಣುಸ್ಥಾವರದ ಬಸ್ ನೋಡಿದ್ಯಾ? ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ಅದ್ರಲ್ಲಿ ಕುಂತು ಹೋಗ್ತಾರಲ್ಲ, ಅವ್ರೆಲ್ಲ ಓದಿದವ್ರು," ಎನ್ನುತ್ತಿದ್ದೆ. ಒಬ್ಬ ಹುಡುಗ ಕೇಳಿದ: "ಎಲ್ಲಾರಿಗಿಂತ ಮುಂದೆ ಕುಂತವ ಎಷ್ಟು ಓದಿದ್ದಾನೆ ಮಾಸ್ತರೆ?" ಮುಂದೆ ಕೂತವನು ಡ್ರೈವರ್. ಅಂದಿನಿಂದ ಆ ಬಸ್ಸಿನ ಮಾತು ಬಿಟ್ಟೆ.

ಶಾಲೆ ಬಿಡಬಾರದು ಎಂದು ನಾನು ಯಾವತ್ತೂ ಹೇಳುತ್ತಿದ್ದೆ. ಆದರೆ ಬಿಟ್ಟವರೆಲ್ಲ ಕೆಟ್ಟರು, ಕಲಿತವರೆಲ್ಲ ಉದ್ಧಾರವಾದರು ಎಂದು ಹೇಳಿದರೆ ಅಂಕೋಲೆಯ ಪೇಟೆಯಲ್ಲಿ ನನ್ನನ್ನು ನೋಡಿ ನಗುವವರು ಬಹಳ ಇದ್ದಾರೆ. ಹೊಸ ಮಾಸ್ತರಿಗೆ ಈ ತೊಡಕು ಮೊದಲೇ ಗೊತ್ತಿರಲಿ. ನನಗೆ ಇದು ಸರಿಯಾಗಿ ತಿಳಿದದ್ದು ನೌಕರಿಯ ಕೊನೆಯ ವರ್ಷದಲ್ಲಿ, ಮಾಬ್ಲನ ದೆಸೆಯಿಂದ.

ಅವನ ಪೂರ್ತಿ ಹೆಸರು ಮಹಾಬಲೇಶ್ವರ. ಹತ್ತನೇತ್ತೆಯ ಹುಡುಗ, ಎಲ್ಲರಿಗಿಂತ ಎತ್ತರ, ಅದಕ್ಕೇ ಕೊನೆಯ ಬೆಂಚು. ಅಪ್ಪ ಗೋವೆಯ ಬೋಟಿನಲ್ಲಿ, ಮಳೆಗಾಲಕ್ಕೆ ಮಾತ್ರ ಮನೆಗೆ. ಅಮ್ಮ ಗುಲಾಬಿ ಅಂಕೋಲೆಯ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಹುಡುಗ ಪಾಪದವ, ಯಾರ ಗೋಜಿಗೂ ಹೋಗುವವನಲ್ಲ. ಕ್ರಿಕೆಟ್ಟಿನಲ್ಲಿ ಮಾತ್ರ ಅವನನ್ನು ಯಾವ ತಂಡವೂ ಕೇಳುತ್ತಿರಲಿಲ್ಲ. ಚೆಂಡು ಕಿವಿಯ ಪಕ್ಕ ಹಾದುಹೋದ ಮೇಲೆ ಕೈ ಎತ್ತುತ್ತಿದ್ದ.

ದೀಪಾವಳಿ ಕಳೆದ ಮೇಲೆ ಅವನು ಬರಲಿಲ್ಲ. ಸ್ಟೇಟಸ್ ನೋಡಿದೆ. ಎರಡೂ ಕೈಯಲ್ಲಿ ಮೀನು ಎತ್ತಿ ಹಿಡಿದ ಫೋಟೋ, ಕೆಳಗೆ 'ಸಮುದ್ರದ ರಾಜ' ಎಂದು ಬರೆದಿತ್ತು. ಮಾರ್ಕೆಟ್ಟಿಗೆ ಹೋಗಿ ಗುಲಾಬಿಯನ್ನು ಕೇಳಿದೆ.

"ನನ್ನ ತಮ್ಮ ಪುರ್ಸುನೇ ಕರ್ಕಂಡು ಹೋದದ್ದು ಮಾಸ್ತರೆ. ಕಾರವಾರದಲ್ಲಿ ಅವ್ನೇ ಬೋಟಿನ ತಾಂಡೇಲ. ನಾ ಹೇಳಿದ್ದು ಇಬ್ರೂ ಕೇಳೂದಿಲ್ಲ. ನೀವು ಒಂದ್ ಮಾತು ಹೇಳ್ನೋಡಿ."

ತಾಂಡೇಲನೆಂದರೆ ಬೋಟು ನಡೆಸುವವ. ನೀರಿನ ಮೇಲೆ ಅವನ ಮಾತೇ ಕೊನೆ. ಮರುದಿನ ಬೆಳಿಗ್ಗೆ ಕಾರವಾರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭಾಷಣ ಜೋಡಿಸಿಕೊಂಡೆ. ಬಂದರಿನಲ್ಲಿ ಬೋಟು ಸುಲಭವಾಗಿಯೇ ಸಿಕ್ಕಿತು. ದೊಡ್ಡ ಬಲೆಯಿಂದ ಮೀನಿನ ಹಿಂಡನ್ನೇ ಸುತ್ತುವರಿದು ಎತ್ತುವ ಪರ್ಸೀನ್ ಬೋಟು. ಪುರ್ಸು ತಾಂಡೇಲ ಮರ್ಯಾದೆಯ ಮನುಷ್ಯ. "ಬನ್ನಿ ಮಾಸ್ತರೆ, ನಿಂತು ಮಾತಾಡೂದು ಬ್ಯಾಡ, ಚಾ ಕುಡೀರಿ," ಎಂದು ಹಲಗೆ ಹಾಕಿ ನನ್ನನ್ನು ಹತ್ತಿಸಿಕೊಂಡು ಕ್ಯಾಬಿನ್ನಿನಲ್ಲಿ ಕೂರಿಸಿದ.

ನಾನು "ವಿದ್ಯೆ ಎಂಬುದು" ಎನ್ನುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಹೊರಗೆ ಓಡಿದ. ಕೂಗಾಟ, ಎಂಜಿನ್ ಸದ್ದು. ಬಂದರಿನಲ್ಲಿ ಇಂಥ ಸದ್ದು ಇದ್ದದ್ದೇ ಎಂದು ನಾನು ಚಾ ಕುಡಿಯುತ್ತ ಕೂತೆ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ನೋಡಿದರೆ ಕಾರವಾರ ಸರಿಯುತ್ತಿತ್ತು.

"ತಾಂಡೇಲರೆ! ನಾ ಇಳೂದದೆ!"

"ಈಗ ಎಲ್ಲಿ ಇಳೀತ್ರಿ ಮಾಸ್ತರೆ? ಗುಡ್ಡದ ಆಚೆ ಬಂಗಡೆ ಬಿದ್ದದ್ಯಂತೆ. ಬಂಗಡೆ ನಿಮ್ಗಾಗಿ ನಿಲ್ತದ್ಯಾ? ಸಂಜೆ ಬಿಡ್ತೆ, ಕುಂತ್ಕಣಿ."

ಬಾಲ್ಯದಿಂದ ಕಡಲ ಪಕ್ಕದಲ್ಲಿ ಬೆಳೆದವನು ನಾನು. ಆದರೆ ಕಡಲ ಪಕ್ಕದಲ್ಲಿ ಇರುವುದು ಬೇರೆ, ಮೇಲೆ ಇರುವುದು ಬೇರೆ. ಕಡಲ ನಡುವಿನ ದೀಪಸ್ತಂಭದ ಗುಡ್ಡ ದಾಟಿದ್ದೇ ತಡ, ಕಟಕಟೆಗೆ ಒರಗಿ ಚಾವನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದೆ. ಯಾರೋ ಬೆನ್ನು ನೀವಿದರು. ತಿರುಗಿ ನೋಡಿದರೆ ಮಾಬ್ಲ, ಕೈಯಲ್ಲಿ ನಿಂಬೆಹಣ್ಣಿನ ಹೋಳು.

"ಮೂಸ್ರಿ ಮಾಸ್ತರೆ. ದೂರ ನೋಡಿ, ನೀರು ನೋಡೂದು ಬ್ಯಾಡ."

ಕೆಲಸ ಕೆಲಸವೇ. ನಿಂಬೆ ಮೂಸುತ್ತಲೇ ಭಾಷಣ ಶುರುಮಾಡಿದೆ. "ಮಾಬ್ಲಾ, ಹತ್ತನೇತ್ತಿ ಮುಗಿಸದಿದ್ರೆ ಮುಂದೆ..." ಮುಂದಿನ ಮಾತು ಸಮುದ್ರಕ್ಕೆ ಹೋಯಿತು. ಬಲೆ ಎಳೆಯುವ ಖಲಾಸಿಗಳೆಲ್ಲ ಸುತ್ತ ಸೇರಿದರು. ಇಂಥ ಮನರಂಜನೆ ಅವರಿಗೆ ದಿನಾ ಸಿಗುವುದಿಲ್ಲ.

"ಮಾಸ್ತರು ಹೇಳೂದು ಖರೇ," ಎಂದ ಒಬ್ಬ ಹಿರಿಯ ಖಲಾಸಿ. "ಓದಬೇಕು."

"ನೀ ಎಷ್ಟು ಓದಿದ್ಯೋ?" ಎಂದ ಬೋಟಿನ ಅಡುಗೆಯವ.

"ನಾ ಏಳ್ನೇತ್ತಿ ಫೇಲು. ಅದ್ಕೇ ಹೇಳ್ತೆ."

"ನಾನೂ ಏಳ್ನೇತ್ತಿ ಫೇಲು. ಪಿ.ಯು.ಸಿ. ಪಾಸಾದವ ನನ್ನ ಪಾತ್ರೆ ತೊಳೀತಾನೆ. ಏ ಸಂತೋಷಾ, ಹೌದನಾ?"

ಪಾತ್ರೆ ತೊಳೆಯುತ್ತಿದ್ದ ಸಂತೋಷ ತಲೆ ಎತ್ತದೆ ಹೇಳಿದ: "ಪಿ.ಯು.ಸಿ.ಲಿ ನಾನೂ ಫೇಲೇ. ನಿಮ್ಗೆ ಸುಳ್ಳು ಹೇಳಿದ್ದೆ."

ಬೋಟಿನಲ್ಲಿ ಎರಡು ಪಕ್ಷವಾಯಿತು. ಅಷ್ಟರಲ್ಲಿ ಮುಂದಿನಿಂದ ಕೂಗು: "ಹಕ್ಕಿ! ಹಕ್ಕಿ ಇಳೀತು!" ಮೀನಿನ ಹಿಂಡು ಇರುವಲ್ಲಿ ಹಕ್ಕಿಗಳು ನೀರಿಗೆ ಇಳಿಯುತ್ತವೆ. ಎಲ್ಲರೂ ಅತ್ತ ಬೊಟ್ಟು ಮಾಡಿದರು. ಆ ಸ್ಥಿತಿಯಲ್ಲೂ ನನಗೆ ಕಂಡಿತು, ಬಿಳಿ ಹಕ್ಕಿಗಳ ದೊಡ್ಡ ಗುಂಪು. ಮಾಬ್ಲ ಮಾತ್ರ ಬೇರೆ ಕಡೆ ಬೊಟ್ಟು ಮಾಡಿ "ಹೌದು, ಹೌದು" ಎನ್ನುತ್ತಿದ್ದ.

"ಅದು ಎಂತ ಮಾರಾಯ?" ಎಂದು ಪಕ್ಕದ ಬೋಟನ್ನು ತೋರಿಸಿದೆ.

"ಬೋಟು."

"ಅದ್ರ ಮೇಲೆ ಎಷ್ಟು ಜನ?"

ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಇಷ್ಟು ದೂರದಿಂದ ಜನ ಕಾಣ್ತಾರ್ಯಾ ಮಾಸ್ತರೆ?"

ಕ್ರಿಕೆಟ್ಟಿನಲ್ಲಿ ಅವನು ಬಿಟ್ಟ ಕ್ಯಾಚುಗಳೆಲ್ಲ ಒಟ್ಟಿಗೆ ನೆನಪಾದವು. ಕೊನೆಯ ಬೆಂಚಿನಿಂದ ಬೋರ್ಡು ಕಾಣುತ್ತಿತ್ತೇ ಎಂದು ಕೇಳಿದೆ. "ಕಪ್ಪು ಕಾಣ್ತದೆ. ಬೆಳ್ಳಗೆ ಬರ್ದದ್ದು ಎಲ್ಲಾರಿಗೂ ಅಂದಾಜಿನಲ್ಲೇ ಅಂದ್ಕಂಡಿದ್ದೆ," ಎಂದ. ಹೇಳುವಾಗ ಅವನ ಮುಖ ನೋಡಲು ನನಗೆ ಕಷ್ಟವಾಯಿತು. ಪುಣ್ಯಕ್ಕೆ ಮತ್ತೆ ವಾಂತಿ ಬಂತು.

ಸಂಗತಿ ತಿಳಿದ ತಾಂಡೇಲ ಹಣೆ ಹಣೆ ಬಡಿದುಕೊಂಡ. "ಕಣ್ಣು ಕಾಣ್ದವನ್ನ ಹಗ್ಗದ ಹತ್ರ ನಿಲ್ಸಿದ್ನಲ್ಲ ಮಾಸ್ತರೆ! ಇವ್ನು ನಾಳಿಂದ ಬೋಟ್ ಹತ್ತೂದು ಬ್ಯಾಡ." ಸಂಜೆ ನಾನು ಬಂದರಿನಲ್ಲಿ ಇಳಿದಾಗ ನೆಲವೂ ತೂಗುತ್ತಿತ್ತು, ಆದರೆ ಗೆದ್ದೆ ಎಂಬ ಹೆಮ್ಮೆ ಇತ್ತು.

ಗುಲಾಬಿ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದು ಕನ್ನಡಕ ಮಾಡಿಸಿದಳು. ಮಾಬ್ಲ ಶಾಲೆಗೆ ಬಂದ. ಮೊದಲ ದಿನವೆಲ್ಲ ಬೆರಗು. ಗುಡ್ಡದ ಮೇಲಿನ ಮರಗಳು ಬಿಡಿಬಿಡಿಯಾಗಿವೆ ಎಂದು ಬಂದು ಹೇಳಿದ. "ಹೆಡ್ ಮಾಸ್ತರಿಗೆ ಮೀಸೆ ಅದೆ ಮಾಸ್ತರೆ! ಮೂರು ವರ್ಷದಿಂದ ಗುತ್ತೇ ಇರ್ಲಿಲ್ಲ!" ನಾನು ಸ್ಟಾಫ್ ರೂಮಿನಲ್ಲಿ ಕಾಲು ಚಾಚಿ ಕೂತೆ.

ವಾರ ಕಳೆಯುವ ಮೊದಲೇ ಮೈದಾನದ ಮೂಲೆಯಲ್ಲಿ ಅವನು ಸಪ್ಪಗೆ ಕೂತಿದ್ದ.

"ಎಂತ ಆಯ್ತೋ? ಬೋರ್ಡ್ ಕಾಣೂದಿಲ್ವಾ?"

"ಚೆಂದ ಕಾಣ್ತದೆ ಮಾಸ್ತರೆ. ಆದ್ರೆ ತಿಳೂದಿಲ್ಲ. ಮೊದ್ಲಾದ್ರೆ ಕಾಣೂದಿಲ್ಲ ಅಂದೇಳಿ ಸಮಾಧಾನ ಇತ್ತು."

ಮುಂದಿನ ಸೋಮವಾರ ಅವನು ಮತ್ತೆ ಇಲ್ಲ. ಸ್ಟೇಟಸ್ಸಿನಲ್ಲಿ ಬೋಟು, ಮೀನು, ಈ ಸಲ ಮುಖದ ಮೇಲೆ ಕನ್ನಡಕವೂ ಇತ್ತು.

ಎರಡು ದಿನಕ್ಕೆ ಪುರ್ಸು ತಾಂಡೇಲನೇ ಶಾಲೆಗೆ ಬಂದ, ಕೈಯಲ್ಲಿ ಚೀಲದ ತುಂಬ ಬಂಗಡೆ. ಹೆಡ್ ಮಾಸ್ತರ ಕೋಣೆಯಲ್ಲಿ ಎಲ್ಲರೆದುರು ನನ್ನ ಕೈ ಹಿಡಿದುಕೊಂಡ. "ನಿಮ್ಮ ಉಪಕಾರ ಮರೆಯೂದಿಲ್ಲ ಮಾಸ್ತರೆ. ಆ ಪೋರನಷ್ಟು ಚುರುಕಿನ ಕಣ್ಣು ಈಗ ಇಡೀ ಬಂದರದಲ್ಲೇ ಇಲ್ಲ! ಎಲ್ಲಾರಿಗಿಂತ ಮೊದ್ಲು ಹಕ್ಕಿ ಅವ್ನೇ ಕಾಣೂದು!"

ಅವನು ಹೋದ ಮೇಲೆ ಹೆಡ್ ಮಾಸ್ತರು ನನ್ನ ಕಡೆ ತಿರುಗಿದರು. ಇವರು ಹಿಲ್ಲೂರಿಗೆ ಕಳಿಸಿದವರಲ್ಲ, ಅವರಾದ ಮೇಲೆ ಬಂದ ನಾಲ್ಕನೆಯವರೋ ಐದನೆಯವರೋ, ನಯವಾಗಿ ಮಾತಾಡುವವರು. "ನಿಮ್ಮನ್ನ ಕಳ್ಸಿದ್ದು ಹುಡ್ಗನ್ನ ಶಾಲೆಗೆ ತರೂಕೆ ಹೌದಲ್ಲ? ಬೋಟಿಗೆ ಭರ್ತಿ ಮಾಡೂಕೆ ಅಲ್ಲವಲ್ಲ?" ಎಂದರು. ಬಂಗಡೆಯನ್ನು ಮಾತ್ರ ಎಲ್ಲರಿಗೂ ಸಮನಾಗಿ ಹಂಚಿದರು.

ನಾನು ಸೋತೆನೆಂದು ಗುಲಾಬಿಗೆ ಹೇಳಲು ಮಾರ್ಕೆಟ್ಟಿಗೆ ಹೋದೆ. ಅವಳು ಗಿರಾಕಿಗೆ ಮೀನು ಹೆಚ್ಚಿ ಕೊಡುತ್ತಲೇ ಕೇಳಿಸಿಕೊಂಡಳು. ಕತ್ತಿ ಒರೆಸಿ ಕೆಳಗಿಟ್ಟಳು.

"ನಾಳೆ ಕಾರವಾರಕ್ಕೆ ಹೋಗ್ವ ಮಾಸ್ತರೆ. ನೀವು ಬೋಟ್ ಹತ್ತೂದು ಬ್ಯಾಡ. ನಾ ಹತ್ತತೆ."

ಮರುದಿನ ಬೋಟು ಹೊರಡಲು ತಯಾರಾಗಿತ್ತು. ಗುಲಾಬಿ ಯಾರನ್ನೂ ಕೇಳದೆ ಹಲಗೆಯ ಮೇಲೆ ನಡೆದು, ಬಲೆಯ ರಾಶಿಯ ಮೇಲೆ ಹೋಗಿ ಕುಳಿತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ಬೋಟು ಕಟ್ಟುವ ದಕ್ಕೆಯ ಮೇಲೆ ಗಟ್ಟಿ ನೆಲದಲ್ಲಿ ನಿಂತೆ.

"ಅಕ್ಕಾ, ಇಳಿ. ಬೋಟ್ ಬಿಡೂಕದೆ," ಎಂದ ತಾಂಡೇಲ.

"ಬಿಡು. ನಾನೂ ಬತ್ತೆ. ಮಾಸ್ತರನ್ನ ಕರ್ಕಂಡು ಹೋಗಿದ್ಯಲ್ಲ?"

ಮಾಸ್ತರನ್ನು ಸಮುದ್ರಕ್ಕೆ ಒಯ್ಯುವುದು ಸುಲಭ, ಅಕ್ಕನನ್ನು ಒಯ್ಯುವುದು ಅಲ್ಲ. ಪಕ್ಕದ ಬೋಟುಗಳೆಲ್ಲ ಹೊರಟವು. ಹೊರಡುವವರು ಒಬ್ಬೊಬ್ಬರೂ "ಏನ್ ಪುರ್ಸು, ಹೊಸ ತಾಂಡೇಲರಾ?" ಎಂದು ಕೇಳಿ ಹೋದರು. ಪುರ್ಸುವಿನ ಮುಖ ಕೆಂಪಾಯಿತು.

ಮಾಬ್ಲ ಬಂದು ಅಮ್ಮನ ಎದುರು ನಿಂತ. "ಆಯಿ, ನಂಗೆ ಸಾಲಿಲಿ ಎಂತದೂ ತಿಳೂದಿಲ್ಲ. ಇಲ್ಲಿ ಎಲ್ಲಾ ತಿಳೀತದೆ. ಇಲ್ಲಿ ನಂಗೆ ಯಾರೂ ದಡ್ಡ ಅನ್ನೂದಿಲ್ಲ."

ಈ ಮಾತಿಗೆ ಬೋಟಿನಲ್ಲಿ ಯಾರೂ ನಗಲಿಲ್ಲ. ಗುಲಾಬಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನೀ ದಡ್ಡ ಅಂದೇಳಿ ನಾ ಯಾವಾಗಾರೂ ಹೇಳಿದ್ನಾ? ಬೋಟಿಗೆ ಬರೂದು ಬ್ಯಾಡ ಅಂತಲೂ ಹೇಳೂದಿಲ್ಲ. ಬೋಟಿಗೆ ಮುಂದಿನ ವರ್ಷ್ವೂ ಬರೂಕಾಗ್ತದೆ, ಹತ್ತು ವರ್ಷ ಬಿಟ್ಟೂ ಆಗ್ತದೆ. ಆ ಬೆಂಚಿನ ಮೇಲೆ ಹತ್ತು ವರ್ಷ ಬಿಟ್ಟು ಹೋಗಿ ಕುಂತ್ಕಂತ್ಯಾ? ಸಮುದ್ರ ಎಲ್ಲಿಗೂ ಓಡಿ ಹೋಗೂದಿಲ್ಲ ಮಗನೆ."

"ಮೀನು ಓಡಿ ಹೋಗ್ತದಲ್ಲ ಆಯಿ."

"ಹೋದ್ರೆ ಹೋಗ್ಲಿ, ಬೇರೆ ಬತ್ತದೆ. ಮಾರೂದು ನಾನು, ನಂಗೆ ಗುತ್ತಿಲ್ವಾ?"

ಹೊತ್ತು ಏರಿತು. ಅಡುಗೆಯವ ಅವಳಿಗೆ ಚಾ ತಂದುಕೊಟ್ಟ, ಅವಳು ಎರಡನೇ ಲೋಟವನ್ನೂ ಕೇಳಿ ಕುಡಿದಳು. ಕೊನೆಗೆ ತಾಂಡೇಲನೇ ಕೈಚೆಲ್ಲಿ ಸೋದರಳಿಯನ ಬೆನ್ನು ತಟ್ಟಿದ. "ಹೋಗು ಮಾರಾಯ, ಪರೀಕ್ಷೆತನ್ಕ ಹೋಗು. ಇಲ್ದಿದ್ರೆ ನಿನ್ನ ಆಯಿ ಇಲ್ಲೇ ಮನೆ ಕಟ್ತದೆ. ನಿನ್ನ ಜಾಗ ಯಾರಿಗೂ ಕೊಡೂದಿಲ್ಲ."

ಮಾಬ್ಲ ಮಾರ್ಚಿನವರೆಗೆ ದಿನವೂ ಬಂದ. ಅವನನ್ನು ಮೊದಲ ಬೆಂಚಿಗೆ ತಂದೆವು. ಹಿಂದೆ ಕೂತವರಿಗೆ ಬೋರ್ಡು ಕಾಣದು ಎಂಬ ದೂರು ಬಂದು ಗೋಡೆಯ ಬದಿಗೆ ಸರಿಸಿದೆವು. ಗಣಿತದ ಮಾಸ್ತರು ಸಂಜೆ ಅವನೊಬ್ಬನನ್ನೇ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಟ್ಟರು. ಫಲಿತಾಂಶ ಬಂತು. ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಫೇಲು. ಗುಲಾಬಿ ಏನೂ ಅನ್ನಲಿಲ್ಲ. ಮಾತು ಕೊಟ್ಟಷ್ಟು ಹುಡುಗ ಮಾಡಿದ್ದ. ಅವನು ಬೋಟಿಗೆ ಹೋದ. ಕತೆ ಮುಗಿಯಿತು ಎಂದು ನಾನೂ ಬಿಟ್ಟುಬಿಟ್ಟೆ. ಹೊಸ ಮಾಸ್ತರೆ, ಹೀಗೂ ಆಗುತ್ತದೆ. ಎಲ್ಲರೂ ದಡ ಸೇರುವುದಿಲ್ಲ, ನಮಗೆ ಬೇಜಾರು ಮಾಡಿಕೊಳ್ಳಲು ಪುರುಸೊತ್ತೂ ಇರುವುದಿಲ್ಲ. ಅಷ್ಟರಲ್ಲಿ ಇನ್ನೊಬ್ಬನು ಬಿಟ್ಟಿರುತ್ತಾನೆ.

ಜೂನಿನಲ್ಲಿ ಫೇಲಾದವರಿಗೆ ಮರುಪರೀಕ್ಷೆ ನಡೆಯಿತು. ಮೀನುಗಾರಿಕೆಗೆ ರಜೆಯ ಕಾಲ, ಬೋಟುಗಳೆಲ್ಲ ದಡ ಹಿಡಿದಿದ್ದವು. ನನ್ನ ನಿವೃತ್ತಿಗೆ ಕೆಲವೇ ದಿನ ಉಳಿದಿದ್ದವು. ಗೇಟಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ಜಡಿಮಳೆ. ಅಪ್ಪಂದಿರು ಬೈಕಿನ ಹಿಂದೆ ಕೂರಿಸಿಕೊಂಡು, ಅಮ್ಮಂದಿರು ರಟ್ಟೆ ಹಿಡಿದು, ಬೈಯುತ್ತ ಮಕ್ಕಳನ್ನು ತಂದು ಬಿಡುತ್ತಿದ್ದರು. ಅವರ ನಡುವೆ ಒಬ್ಬ ಉದ್ದನೆಯ ಹುಡುಗ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಒಬ್ಬನೇ ನಡೆದು ಬಂದ. ಗೇಟಿನ ಒಳಗೆ ಬಂದು ಕನ್ನಡಕ ತೆಗೆದು ಅಂಗಿಯ ಒಳಭಾಗದಲ್ಲಿ ಒರೆಸಿದ.

"ಮಾಬ್ಲಾ! ನಿನ್ನ ಯಾರು ಕಳ್ಸಿದ್ರೋ?"

"ಯಾರೂ ಇಲ್ಲ."

"ಆಯಿ?"

"ಆಯಿಗೆ ಹೇಳ್ಲಿಲ್ಲ ಮಾಸ್ತರೆ. ಹೇಳಿದ್ರೆ ಮಾರ್ಕೆಟ್ಟಿಗೆಲ್ಲ ಹೇಳ್ತದೆ. ಮತ್ತೆ ಫೇಲಾದ್ರೆ ಮರ್ಯಾದಿ ಹೋಗ್ತದೆ."

ಪರೀಕ್ಷೆ ಮುಗಿದ ಮೇಲೆ ಹೇಗಾಯಿತೆಂದು ಕೇಳಿದೆ. ಬಹಳ ಯೋಚಿಸಿ ಹೇಳಿದ: "ಉತ್ರ ಸರಿಯೋ ತಪ್ಪೋ ಗುತ್ತಿಲ್ಲ. ಈ ಸಲ ಅವ್ರು ಎಂತ ಕೇಳಿದ್ದಾರೆ ಅಂತಾರೂ ತಿಳೀತು."

ಅವನು ಪಾಸಾದ, ಬೇಕಾದಷ್ಟೇ ಅಂಕದಲ್ಲಿ. ಈಗ ಕಾರವಾರದಲ್ಲಿ ಐ.ಟಿ.ಐ. ಸೇರಿ ಡೀಸೆಲ್ ಎಂಜಿನ್ನಿನ ಕೆಲಸ ಕಲಿಯುತ್ತಿದ್ದಾನೆ; ರಜೆ ಸಿಕ್ಕಾಗ ಮಾವನ ಬೋಟು. ಓದು ಮೇಲೋ ಬೋಟು ಮೇಲೋ ಎಂದು ಈಗ ಅವನನ್ನು ಯಾರೂ ಕೇಳುವುದಿಲ್ಲ.

ಆ ಫಲಿತಾಂಶ ಬಂದ ದಿನ ನಾನು ಮನೆಯಲ್ಲೇ ಇದ್ದೆ, ನಿವೃತ್ತನಾಗಿ. ಗಣಿತದ ಮಾಸ್ತರು ಫೋನು ಮಾಡಿ ತಿಳಿಸಿದರು. ಕೂಡಲೇ ಗುಲಾಬಿಗೆ ಫೋನು ಹಚ್ಚಿದೆ. ಅವಳು ಮಾರ್ಕೆಟ್ಟಿನಲ್ಲಿ ಒಣಮೀನು ಮಾರುತ್ತಿದ್ದಳು.

"ಗುಲಾಬಕ್ಕ, ಮಾಬ್ಲ ಪಾಸಾದ."

"ಯಾವ್ದ್ರಲ್ಲಿ?"

"ಗಣಿತದಲ್ಲಿ. ಜೂನಿನಲ್ಲಿ ಹೋಗಿ ಪರೀಕ್ಷೆ ಬರೆದಿದ್ದ. ನಿಮ್ಗೆ ಹೇಳಿರ್ಲಿಲ್ಲ."

ಆ ಕಡೆಯಿಂದ ಮಳೆಯ ಸದ್ದು, ಯಾರೋ ಸುಂಗಟೆ ಸೀಗಡಿಯ ದರ ಕೇಳುವ ಸದ್ದು. ಅವಳಿಗೆ ಕೇಳಿಸಲಿಲ್ಲವೇನೋ ಎಂದು ನಾನು "ಹಲೋ" ಎಂದೆ. ಗುಲಾಬಿ ಉತ್ತರ ಕೊಟ್ಟಳು, ಆದರೆ ನನಗಲ್ಲ.

"ಏ ಕೇಳ್ರೇ! ಎಲ್ಲಾ ಕೇಳಿ ಇಲ್ಲಿ! ನನ್ನ ಮಾಬ್ಲ ಪಾಸಾದ! ಯಾರೂ ಕಳ್ಸಲಿಲ್ಲ, ತಾನೇ ಹೋಗಿ ಬರ್ದು ಬಂದ!"